ಔಟ್‌ಬೋರ್ಡ್ ಎಂಜಿನ್ ಬ್ಯಾಟ್ರಿ ಚಾರ್ಜ್ ಆಗವಲ್ದಾ? ಕಾಯಿಲ್ ಬದಲಿ ಮಾಡೋಕಿಂತ ಮೊದ್ಲ ಮೀಟರ್ ಹಿಡೀರಿ

ಮುನಿರಾಬಾದ್ ಹಿನ್ನೀರಿನ ಕಡಿಂದ, ರಾಯಚೂರ ಕಡೆ ಕೃಷ್ಣಾ ದಂಡಿ ಊರುಗಳಿಂದ ಔಟ್‌ಬೋರ್ಡ್ ಎಂಜಿನ್ (ಬೋಟಿನ ಹಿಂದ ಹೊರಗ ಹಚ್ಚೋ ಎಂಜಿನ್) ಬಗ್ಗೆ ಒಂದ ಪ್ರಶ್ನೆ ತಿರುಗಿ ತಿರುಗಿ ಬರ್ತೈತಿ: "ಅಣ್ಣಾ, ಬ್ಯಾಟ್ರಿ ಹೊಸಾದು, ಕಾಯಿಲ್ ಹೊಸಾದು, ಆದ್ರೂ ಮುಂಜಾನೆ ಸೆಲ್ಫ್ ಎತ್ತವಲ್ದು." ಕೇಳೋರು ಮಾಡಿರೋದು ಹೆಚ್ಚುಕಮ್ಮಿ ಒಂದ ಥರ. ಮೊದ್ಲ ಬ್ಯಾಟ್ರಿ ತಂದ್ರು, ಆಗ್ಲಿಲ್ಲ, ಆರ್‌ಆರ್ ಯುನಿಟ್ (ಕಾಯಿಲ್ಲಿನ ಕರೆಂಟನ್ನ ಬ್ಯಾಟ್ರಿಗೆ ಹೊಂದೋ ಹಂಗ ಮಾಡೋ ಡಬ್ಬಿ) ತಂದ್ರು, ಆಗ್ಲಿಲ್ಲ, ಕಡೀಕ ಮ್ಯಾಗ್ನೆಟ್ ಇಳಿಸಿ ಕರೆಂಟ್ ಹುಟ್ಟಿಸೋ ಕಾಯಿಲ್ಲೂ ಬದಲಿ ಮಾಡಿದ್ರು, ಆಗೂ ಆಗ್ಲಿಲ್ಲ. ಮೀಟರ್ ಮಾತ್ರ ಸರಿಯಾಗಿ ಯಾರೂ ಹಿಡೀಲಿಲ್ಲ. ಹಿಡಿದ್ರೂ ಎಂಜಿನ್ ಬಂದ್ ಇದ್ದಾಗ ಒಂದ್ಸಲ ಹಿಡಿದು "12 ತೋರಿಸ್ತೈತಿ, ಚಲೋ ಐತಿ" ಅಂದು ಬಿಟ್ರು. 12.0 ಅಂದ್ರ ಬ್ಯಾಟ್ರಿ ಮುಕ್ಕಾಲು ಪಾಲು ಖಾಲಿ ಅಂತ ಅರ್ಥ ರೀ, ಚಲೋ ಅಂತಲ್ಲ.

ಕೆಳಗಿನ ಹಂತಗಳನ್ನ ಇದ ಕ್ರಮದಾಗ ಮಾಡ್ರಿ. ನಾಲ್ಕನೇದು ಬಿಟ್ಟು ಆರನೇದಕ್ಕ ಹಾರಿದ್ರ ಮತ್ತ ಅದ ಖರ್ಚು.

## ಇದು ಟ್ರ್ಯಾಕ್ಟರ್ ಡೈನಮೋ ಅಲ್ಲ

ನಮ್ಮ ಕಡೆ ಬೋಟ್ ಎಂಜಿನ್ ಮುಟ್ಟೋ ಮೆಕ್ಯಾನಿಕ್ ಮಂದಿ ಬಹಳಷ್ಟು ಟ್ರ್ಯಾಕ್ಟರ್, ಪಂಪ್‌ಸೆಟ್ ಕೆಲಸದವ್ರು, ಅದರಾಗ ಏನ ತಪ್ಪಿಲ್ಲ, ಆದ್ರ ಔಟ್‌ಬೋರ್ಡಿನಾಗ ಬೆಲ್ಟ್ ತಿರುಗಿಸೋ ಡೈನಮೋ ಸಾಮಾನ್ಯವಾಗಿ ಇರಂಗಿಲ್ಲ, ಬ್ರಶ್ ಇಲ್ಲ, ಫೀಲ್ಡ್ ವೈರ್ ಇಲ್ಲ. ಬೈಕಿನ ಪದ್ಧತಿ ಇದು. ಮ್ಯಾಲೆ ತಿರುಗೋ ಫ್ಲೈವೀಲ್ ಒಳಗಿನ ಅಂಚಿಗೆ ಮ್ಯಾಗ್ನೆಟ್ ಅಂಟಿಸಿರ್ತಾರ, ಅದರ ಕೆಳಗ ಸ್ಟೇಟರ್ ಕಾಯಿಲ್ ಕುಂತಿರ್ತೈತಿ, ಅಲ್ಲಿ ಹುಟ್ಟೋದು ಎಸಿ ಕರೆಂಟು. ಅದು ರೆಗ್ಯುಲೇಟರ್-ರೆಕ್ಟಿಫೈಯರ್‌ಗೆ, ಅಂದ್ರ ಆರ್‌ಆರ್ ಯುನಿಟ್ಟಿಗೆ ಬಂದು ಡಿಸಿ ಆಗಿ, 14 ರಿಂದ 14.5 ವೋಲ್ಟಿನ ಆಜುಬಾಜು ಕಟ್ ಆಗಿ, ಕೆಂಪು ವೈರಿನಾಗ ಫ್ಯೂಸ್ ದಾಟಿ, ಸೆಲ್ಫ್ ಸೊಲೆನಾಯ್ಡ್ (ಸೆಲ್ಫ್ ಮೋಟರಿಗೆ ಕರೆಂಟ್ ಬಿಡೋ ಸ್ವಿಚ್) ಬೋಲ್ಟಿಗೆ ಬಂದು, ಅಲ್ಲಿಂದ ದಪ್ಪ ಕೇಬಲ್ ಹಿಡಿದು ಬ್ಯಾಟ್ರಿ ಸೇರ್ತೈತಿ. ವಾಪಸ್ ದಾರಿ ಮೈನಸ್ ಕೇಬಲ್. ಈ ದಾರಿ ತಲ್ಯಾಗ ಇಟ್ಕೊಳ್ರಿ, ಹುಡುಕೋದೆಲ್ಲಾ ಇದರ ಮ್ಯಾಲೆ.

ಟ್ರ್ಯಾಕ್ಟರಿನಾಗ ಎಂಜಿನ್ ಓಡ್ತಿರುವಾಗ ಬ್ಯಾಟ್ರಿ ವೈರ್ ಕಿತ್ತು "ಬಂದ್ ಆಗ್ಲಿಲ್ಲ ಅಂದ್ರ ಡೈನಮೋ ಚಲೋ" ಅಂತ ಪರೀಕ್ಷೆ ಮಾಡೋ ರೂಢಿ ಐತಿ. ಔಟ್‌ಬೋರ್ಡಿನಾಗ ಇದನ್ನ ಯಾವತ್ತೂ ಮಾಡಬ್ಯಾಡ್ರಿ. ಮ್ಯಾಗ್ನೆಟ್ ತಿರುಗೋವರೆಗೂ ಕಾಯಿಲ್ ಕರೆಂಟ್ ಹುಟ್ಟಿಸ್ತಾನ ಇರ್ತೈತಿ, ಬ್ಯಾಟ್ರಿ ಇಲ್ಲಂದ್ರ ಅದಕ್ಕ ಹೋಗೋಕ ಜಾಗ ಇಲ್ಲ, ವೋಲ್ಟೇಜ್ ಒಮ್ಮಿಗೇ ಜಿಗಿದು ಆರ್‌ಆರ್ ಸುಡ್ತೈತಿ, ಇಗ್ನಿಶನ್ ಬಾಕ್ಸನ್ನೂ ಎಳ್ಕೊಂಡು ಹೋಗಬಹುದು. ಕಾಯಿಲ್ ಚಲೋ ಐತೋ ಇಲ್ಲೋ ನೋಡಾಕ ಹೋಗಿ ಚಲೋ ಇದ್ದ ಆರ್‌ಆರ್ ಕಳ್ಕೊಂಡ ಬೋಟುಗಳು ಕಡಿಮಿ ಇಲ್ಲ. ಎರಡು ಬ್ಯಾಟ್ರಿ ಇದ್ದು ನಡುವ ಸ್ವಿಚ್ ಇದ್ರ ಓಡ್ತಿರುವಾಗ ಅದನ್ನ ಆಫ್ ಕಡೆ ತಿರುಗಿಸಿದ್ರೂ ಇದ ಗತಿ.

## ಏನೇನು ಬೇಕು

ಡಿಜಿಟಲ್ ಮಲ್ಟಿಮೀಟರ್, ಅದರಾಗ ಡಿಸಿ, ಎಸಿ, ಓಮ್ಸ್, ಡಯೋಡ್ ಇದ್ರ ಸಾಕು. ಮುಳ್ಳಿನ ಮೀಟರ್ ಬ್ಯಾಡ, ಇಲ್ಲಿ ಪಾಯಿಂಟ್ ಎರಡು ಪಾಯಿಂಟ್ ಮೂರರ ಲೆಕ್ಕ ಇರ್ತೈತಿ. ಪಾನಾ ಸೆಟ್, ವೈರ್ ಬ್ರಶ್, ಪಾಲಿಶ್ ಪೇಪರ್, ಅಡಿಗಿ ಸೋಡಾ, ವ್ಯಾಸಲೀನ್. ಕ್ಲ್ಯಾಂಪ್ ಮೀಟರ್ ಇದ್ರ ಇನ್ನೂ ಚಲೋ, ಆದ್ರ ಕರೆಂಟ್ ಕೆಲಸದವ್ರ ಹತ್ರ ಇರೋ ಅಗ್ಗದ ಕ್ಲ್ಯಾಂಪ್ ಬಹಳಷ್ಟು ಎಸಿ ಆಂಪ್ಸ್ ಮಾತ್ರ ಅಳಿತಾವು, ಬ್ಯಾಟ್ರಿ ವೈರಿಗೆ ಹಾಕಿದ್ರ ಸೊನ್ನೆ ತೋರಿಸ್ತಾವು, ಅದನ್ನ ನೋಡಿ "ಚಾರ್ಜಿಂಗ್ ಇಲ್ಲ" ಅನ್ನೋದು ತಪ್ಪು. ನಿಮ್ಮ ಎಂಜಿನ್ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ಮೊಬೈಲಿನಾಗ ಇಟ್ಕೊಳ್ರಿ, ವೈರ್ ಬಣ್ಣ ಒಂದೊಂದು ಕಂಪನಿಗೆ ಒಂದೊಂದು, ಕೆಲವುದರಾಗ ಕಾಯಿಲ್ ವೈರ್ ಹಳದಿ, ಕೆಲವುದರಾಗ ಹಸಿರು.

## ಶುರು ಮಾಡೋ ಮೊದ್ಲ ಜ್ವಾಕಿ

ಮ್ಯಾಲಿನ ಕವರ್ ತೆಗೆದು ಎಂಜಿನ್ ಓಡಿಸ್ತೀರಿ, ಫ್ಲೈವೀಲ್ ಬರಿಮೈಲೆ ತಿರುಗ್ತಿರ್ತೈತಿ. ಹೆಗಲ ಮ್ಯಾಲಿನ ಟವೆಲ್ ತೆಗೆದಿಡ್ರಿ, ತೋಳು ಮಡಚ್ರಿ, ಕೈಯಾಗಿನ ಕಡಗ ತೆಗೀರಿ. ಗೇರ್ ನ್ಯೂಟ್ರಲ್, ಕಿಲ್ ಸ್ವಿಚ್ ದಾರ (ಕಿತ್ರ ಎಂಜಿನ್ ಬಂದ್ ಆಗೋ ದಾರ) ಕೈಗೆಟುಕೋ ಹಂಗ. ಪೆಟ್ರೋಲ್ ವಾಸನೆ ಹೊಡೀತಿದ್ರ ಒಂದೂ ವೈರ್ ಮುಟ್ಟಬ್ಯಾಡ್ರಿ, ಮೊದ್ಲ ಗಾಳಿಗೆ ಬಿಡ್ರಿ. ಬ್ಯಾಟ್ರಿ ಬಿಚ್ಚುವಾಗ ಎಂಜಿನ್ ಬಂದ್ ಮಾಡಿ ಮೈನಸ್ ಮೊದ್ಲ, ಹಚ್ಚುವಾಗ ಮೈನಸ್ ಕಡೀಕ.

ನೀರಿಲ್ದ ಎಂಜಿನ್ ಓಡಿಸಿದ್ರ ಇಂಪೆಲ್ಲರ್ (ಎಂಜಿನ್ ತಂಪು ಮಾಡೋ ನೀರಿನ ಪಂಪಿನ ಚಕ್ರ) ರಬ್ಬರ್ ನೋಡ್ತಾ ನೋಡ್ತಾ ಸುಡ್ತೈತಿ. ದಂಡಿಗೆ ಬೋಟ್ ಗಟ್ಟಿ ಕಟ್ಟಿ ನಿಂತ ನೀರಿನಾಗ ಟೆಸ್ಟ್ ಮಾಡೋದು ಎಲ್ಲಾಕ್ಕಿಂತ ಚಲೋ, ಇಲ್ಲಂದ್ರ 200 ಲೀಟರ್ ಡ್ರಮ್ಮಿನಾಗ ನೀರು ತುಂಬಿ ಇಳಿಬಿಡ್ರಿ, ಇಲ್ಲಂದ್ರ ನೀರಿನ ಪೈಪಿಗೆ ಹಚ್ಚಿ ಎಂಜಿನ್ನಿನ ನೀರು ಹೀರೋ ತೂತಿನ ಮ್ಯಾಲೆ ಕೂಡ್ಸೋ ರಬ್ಬರ್ ಕಪ್ಪು, ಅಂದ್ರ ಇಯರ್‌ಮಫ್. ಡ್ಯಾಮಿನಿಂದ ನೀರು ಬಿಟ್ಟಿರೋ ಟೈಮಿನಾಗ ಹೊಳಿಗೆ ಇಳಿದು ಟೆಸ್ಟ್ ಮಾಡೋ ಹುಚ್ಚು ಬ್ಯಾಡ, ನಡುನೀರಿನಾಗ ಎಂಜಿನ್ ಬಂದ್ ಬಿದ್ರ ಸೆಲ್ಫ್ ಎತ್ತದ ಬ್ಯಾಟ್ರಿ ನಿಮ್ಮನ್ನ ಉಳಿಸಂಗಿಲ್ಲ.

## ಹಂತ 1: ಬ್ಯಾಟ್ರಿ ಒಂದ ನೋಡ್ರಿ, ಎಂಜಿನ್ ಮರೀರಿ

ಬ್ಯಾಟ್ರಿಯನ್ನ ಹೊರಗ ಪೂರಾ ಚಾರ್ಜ್ ಮಾಡ್ಸಿ, ರಾತ್ರಿಪೂರಾ ಏನೂ ಹಚ್ಚದ ಬಿಟ್ಟು, ಮುಂಜಾನೆ ಅಳೀರಿ. 12.6 ಅಥವಾ ಮ್ಯಾಲೆ ಇದ್ರ ತುಂಬೈತಿ. 12.4 ಅಂದ್ರ ಮುಕ್ಕಾಲು, 12.2 ಅರ್ಧ, 12.0 ಕಾಲು ಭಾಗ. ಚಾರ್ಜರ್ ತೆಗೆದ ಕೂಡ್ಲೇ 13 ತೋರಿಸೋದು ಮ್ಯಾಲಿನ ಹುಸಿ ವೋಲ್ಟೇಜು, ಅದನ್ನ ನಂಬಬ್ಯಾಡ್ರಿ. ಪೂರಾ ಚಾರ್ಜ್ ಮಾಡಿದ ಮ್ಯಾಲೂ 10.5 ಹತ್ರಾನ ನಿಂತ್ರ ಒಂದು ಸೆಲ್ ಸತ್ತೈತಿ, ಆ ಬ್ಯಾಟ್ರಿ ಇಟ್ಕೊಂಡು ಮುಂದಿನ ಯಾವ ಟೆಸ್ಟೂ ಮಾಡಬ್ಯಾಡ್ರಿ. ಅಂಥಾ ಬ್ಯಾಟ್ರಿ ಎಷ್ಟು ಕೊಟ್ರೂ ಎಳೀತಾನ ಇರ್ತೈತಿ, ಆರ್‌ಆರ್ ಕಾದು ಕಾದು ಹಾಳಾಗ್ತೈತಿ.

ನೀರು ಹಾಕೋ ಬ್ಯಾಟ್ರಿ ಆದ್ರ ಮುಚ್ಚಳ ತೆಗೆದು ಪ್ಲೇಟ್ ಮುಳುಗೇತೋ ಇಲ್ಲೋ ನೋಡ್ರಿ. ರಾಯಚೂರು, ಬಳ್ಳಾರಿ ಬ್ಯಾಸಗಿ 40 ಡಿಗ್ರಿ ದಾಟ್ತೈತಿ, ಆ ಸೆಕಿಗೆ ಬೋಟಿನ ಡಬ್ಬಿಯೊಳಗ ನೀರು ಬೇಗ ಆರ್ತೈತಿ. ಆರಿದ್ದಕ್ಕ ಬೋರ್ ನೀರು ಹಾಕ್ತಾರ ನೋಡ್ರಿ, ಅದು ಶುದ್ಧ ತಪ್ಪು, ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂದ್ರ ಸ್ಟೀಲ್ ಪಾತ್ರಿಗೇ ಬಿಳಿ ಪದರ ಕಟ್ಟತೈತಿ, ಬ್ಯಾಟ್ರಿ ಪ್ಲೇಟಿಗೆ ಏನ ಆಗಬ್ಯಾಡ. ಡಿಸ್ಟಿಲ್ಡ್ ವಾಟರ್ ಮಾತ್ರ.

ಇನ್ನೊಂದು, ಮನಿ ಇನ್ವರ್ಟರಿನ ಟ್ಯೂಬುಲರ್ ಬ್ಯಾಟ್ರಿ ತಂದು ಬೋಟಿಗೆ ಹಾಕೋದು. ಅದು ನಿಧಾನಕ್ಕ ಕರೆಂಟ್ ಕೊಡಾಕ ಮಾಡಿದ್ದು, ಸೆಲ್ಫಿಗೆ ಒಮ್ಮಿಗೇ ಬೇಕಾಗೋ ದೊಡ್ಡ ಕರೆಂಟಿಗೆ ಅಲ್ಲ, ಸಣ್ಣ ಕಾಯಿಲ್ ಅದನ್ನ ತುಂಬ್ಸೋಕೂ ಆಗಂಗಿಲ್ಲ.

## ಹಂತ 2: ಜಾಯಿಂಟು, ಥಿಂಬಲ್ಲು, ಅರ್ಥು

ಇಲ್ಲಿ ಟೈಮ್ ಕೊಡ್ರಿ. ನನ್ನ ಲೆಕ್ಕದಾಗ ಚಾರ್ಜಿಂಗ್ ತಕರಾರಿನ ದೊಡ್ಡ ಪಾಲು ಇಲ್ಲೇ ಮುಗೀತೈತಿ.

ಬ್ಯಾಟ್ರಿ ಟರ್ಮಿನಲ್ಲಿಗೆ ಕೈಲೇ ತಿರುಗಿಸೋ ರೆಕ್ಕಿ ನಟ್ ಹಾಕಿದ್ರ ತೆಗೆದು ಒಗೀರಿ, ಬೋಟಿನ ನಡುಕಕ್ಕ ಅದು ತಾನ ಸಡಿಲಾಗ್ತೈತಿ, ಲಾಕ್ ನಟ್ ಹಾಕಿ ಪಾನಾಲೇ ಬಿಗೀರಿ. ಟ್ರ್ಯಾಕ್ಟರ್ ಕ್ಲ್ಯಾಂಪ್ ಹಾಕಿ ಸಡಿಲ ಆದದ್ದಕ್ಕ ನಡುವ ತಗಡಿನ ಚೂರು ತುರುಕಿರ್ತಾರಲ್ಲ, ಅದೂ ಹೋಗಬೇಕು. ಹಸಿರು-ಬಿಳಿ ಪುಡಿ ಕಟ್ಟಿದ್ರ ಅಡಿಗಿ ಸೋಡಾ ನೀರಿನಾಗ ಕಲಸಿ ತೊಳೀರಿ (ಸೆಲ್ಲಿನ ಒಳಗ ಒಂದ ಹನಿ ಹೋಗಬಾರ್ದು), ಒರೆಸಿ, ಬ್ರಶ್ ಹೊಡೆದು, ಬಿಗಿ ಮಾಡಿ, ಆಮ್ಯಾಗ ಮ್ಯಾಲೆ ವ್ಯಾಸಲೀನ್ ಸವರ್ರಿ. ಮೊದ್ಲ ಸವರಿ ಆಮ್ಯಾಗ ಬಿಗಿಯೋದಲ್ಲ.

ಕೇಬಲ್ ಥಿಂಬಲ್ (ಕೇಬಲ್ ತುದಿಗೆ ಒತ್ತಿರೋ ಲೋಹದ ಉಂಗುರ) ಹತ್ರ ರಬ್ಬರ್ ಒತ್ತಿ ನೋಡ್ರಿ. ಒಳಗ ಗಟ್ಟಿ ಉಬ್ಬು ಸಿಕ್ರ, ಅಥವಾ ಒತ್ತಿದ್ರ ಚರಚರ ಅಂದ್ರ, ತಾಮ್ರ ಒಳಗೇ ಕೊಳೆತೈತಿ. ಒಂದಿಂಚು ರಬ್ಬರ್ ಸುಲೀರಿ, ತಾಮ್ರ ಕೆಂಪಗ ಹೊಳೀಬೇಕು, ಕಪ್ಪಗಿದ್ರ ಕೆಂಪು ಬರೋವರೆಗೂ ಕಡೀರಿ, ಕೇಬಲ್ ಸಾಲದಿದ್ರ ಹೊಸಾದು ಹಾಕ್ರಿ. ಹೊಳಿ ನೀರು ಸಮುದ್ರದ ಉಪ್ಪು ನೀರಲ್ಲ ಅಂತ ನಾವು ಆರಾಮ ಇರ್ತೀವಿ, ಖರೇ, ಇಲ್ಲಿ ತುಕ್ಕು ನಿಧಾನ, ಆದ್ರ ಮಳಿಗಾಲದ ಕೆಸರು ನೀರು ಒಳಗ ಹೊಕ್ಕು ಬ್ಯಾಸಗ್ಯಾಗ ಒಣಗಿ ಕುಂತ್ರ ಕಡೀಕ ಗತಿ ಅದ.

ಮೈನಸ್ ಕೇಬಲ್ಲಿನ ಇನ್ನೊಂದು ತುದಿ ಎಂಜಿನ್ ಬ್ಲಾಕಿಗೆ ಬರೋ ಕಡೆ ಬೋಲ್ಟ್ ಬಿಚ್ಚಿ, ಕೆಳಗ ಪೇಂಟ್ ಇದ್ರ ಉಜ್ಜಿ ಲೋಹ ಕಾಣೋ ಹಂಗ ಮಾಡ್ರಿ. ಎಂಜಿನ್ನಿಗೆ ಪೇಂಟ್ ಹೊಡ್ಸಿದ ಮ್ಯಾಲೆ ಚಾರ್ಜಿಂಗ್ ನಿಂತಿದ್ರ ಮೊದ್ಲ ನೋಡೋದು ಇದನ್ನ. ಆರ್‌ಆರ್ ಯುನಿಟ್ ಕುಂತಿರೋ ಜಾಗಾನೂ ಹಂಗ, ಬಹಳ ಮಾಡೆಲ್ಲಿನಾಗ ಅದರ ಬಾಡಿನ ಅರ್ಥು.

ಫ್ಯೂಸ್ ಹೋಲ್ಡರ್ ಬಿಚ್ಚಿ ನೋಡ್ರಿ. ಫ್ಯೂಸ್ ಸುಟ್ಟಿರಂಗಿಲ್ಲ, ಹೋಲ್ಡರಿನ ಪ್ಲಾಸ್ಟಿಕ್ ಮಾತ್ರ ಒಂದು ಕಡೆ ಕಂದು ಬಣ್ಣಕ್ಕ ತಿರುಗಿ ಸೊಲ್ಪ ಕರಗಿರ್ತೈತಿ, ಒಳಗಿನ ಕ್ಲಿಪ್ಪು ಹಿಡಿತ ಕಳ್ಕೊಂಡಿರ್ತೈತಿ. ಒಂದು ಮೀನಿನ ಬೋಟಿಗೆ ಕಾಯಿಲ್, ಆರ್‌ಆರ್ ಎರಡೂ ಬದಲಿ ಮಾಡ್ಸಿ ಸೋತು ಬಂದಿದ್ರು, ತಕರಾರು ಇದ್ದದ್ದು ಈ ಕಂದು ಹೋಲ್ಡರಿನಾಗ. ಮೀಟರಿನಾಗ ಬೀಪ್ ಬರ್ತಿತ್ತು, ಅದಕ್ಕ ಎಲ್ಲಾರೂ ಪಾಸ್ ಮಾಡಿದ್ರು. ಬೀಪ್ ಸಣ್ಣ ಕರೆಂಟಿಗೂ ಬರ್ತೈತಿ, ಹತ್ತು ಆಂಪ್ಸ್ ಹರಿಯೋಕ ಅದು ಗ್ಯಾರಂಟಿ ಅಲ್ಲ.

## ಹಂತ 3: ಮೂರು ರೀಡಿಂಗ್

ಮೀಟರ್ ಡಿಸಿ 20 ವೋಲ್ಟಿಗೆ, ಮುಳ್ಳು (ಮೀಟರ್ ವೈರಿನ ಚೂಪು ತುದಿ, ಪ್ರೋಬ್) ಬ್ಯಾಟ್ರಿ ಪೋಸ್ಟಿನ ಮ್ಯಾಲೇನ, ಥಿಂಬಲ್ ಮ್ಯಾಲಲ್ಲ.

ಒಂದು, ಎಂಜಿನ್ ಬಂದ್ ಇದ್ದಾಗ. ಬರಕೊಳ್ರಿ.

ಎರಡು, ಸೆಲ್ಫ್ ಹೊಡೆಯುವಾಗ. 9.6ಕ್ಕಿಂತ ಕೆಳಗ ಬಿದ್ರ ಬ್ಯಾಟ್ರಿ ಸೋತೈತಿ, ಅಥವಾ ಸೆಲ್ಫ್ ಮೋಟರ್ ಜಾಸ್ತಿ ಎಳೀತೈತಿ. ಪೋಸ್ಟಿನಾಗ 11 ಇದ್ದೂ ಸೆಲ್ಫ್ ನಿಧಾನ ತಿರುಗಿದ್ರ ಕೇಬಲ್ಲಿನಾಗ ತಕರಾರು, ಹಂತ 2ಕ್ಕ ವಾಪಸ್.

ಮೂರು, ಎಂಜಿನ್ ಓಡುವಾಗ. ಐಡ್ಲಿನಾಗ ಒಮ್ಮೆ, ಮೆಲ್ಲಕ ರೇಸ್ ಕೊಟ್ಟು 2000 ಆರ್‌ಪಿಎಂ ಹತ್ರ ಒಮ್ಮೆ. ಐಡ್ಲಿನಾಗ 12.9, 13 ಬಂದ್ರ ಗಾಬರಿ ಬ್ಯಾಡ, ಕಾಯಿಲ್ ನಿಧಾನ ತಿರುಗಿದಾಗ ಸೊಲ್ಪನ ಕೊಡ್ತೈತಿ. ರೇಸಿನಾಗ 13.8 ರಿಂದ 14.5 ಬಂದ್ರ ಚಾರ್ಜಿಂಗ್ ಚಲೋ ಐತಿ, ಹಂತ 8 ಮತ್ತ 9ಕ್ಕ ಹೋಗ್ರಿ. ಬಂದ್ ಇದ್ದಾಗಿನ ರೀಡಿಂಗ್ ಮ್ಯಾಲೆ ಏರದನ ಇದ್ರ, ಇಲ್ಲಾ ಏರಿದ್ರೂ 13.8 ಮುಟ್ಟದಿದ್ರ ಚಾರ್ಜ್ ಸರಿ ಬರವಲ್ದು, ಹಂತ 4. 15 ದಾಟಿದ್ರ ಓವರ್‌ಚಾರ್ಜ್, ಎಂಜಿನ್ ಬಂದ್ ಮಾಡಿ ಹಂತ 7. ನ್ಯೂಟ್ರಲ್ಲಿನಾಗ ಜಾಸ್ತಿ ಹೊತ್ತು ರೇಸ್ ಇಟ್ಕೊಂಡು ನಿಲ್ಲಬ್ಯಾಡ್ರಿ, ರೀಡಿಂಗ್ ತಗೊಂಡು ಇಳಿಸ್ರಿ.

ಟ್ಯಾಕೋಮೀಟರ್ (ಆರ್‌ಪಿಎಂ ತೋರ್ಸೋ ಮೀಟರ್) ಇದ್ರ ಅದನ್ನೂ ನೋಡ್ರಿ. ಬಹಳಷ್ಟು ಔಟ್‌ಬೋರ್ಡಿನಾಗ ಅದಕ್ಕ ಸಿಗ್ನಲ್ ಬರೋದು ಚಾರ್ಜಿಂಗ್ ಕಾಯಿಲ್ ಅಥವಾ ಆರ್‌ಆರ್ ಕಡಿಂದ. ಎಂಜಿನ್ ಚಲೋ ಓಡ್ತಿದ್ದು ಆರ್‌ಪಿಎಂ ಮುಳ್ಳು ಕುಣಿಯೋದು, ಸೊನ್ನಿಗೆ ಬೀಳೋದು ಮಾಡಿದ್ರ ಮೀಟರ್ ಕೆಟ್ಟೈತಿ ಅಂತ ಬಿಡಬ್ಯಾಡ್ರಿ, ಬ್ಯಾಟ್ರಿ ಇಳಿಯೋಕಿಂತ ಮೊದ್ಲ ಸಿಗೋ ಸುಳಿವು ಅದು.

## ಹಂತ 4: ವೋಲ್ಟೇಜ್ ಡ್ರಾಪ್, ಯಾರೂ ಮಾಡದ ಟೆಸ್ಟು

ಆರ್‌ಆರ್ ಹತ್ರ 14.4 ಹುಟ್ಟಿ ಬ್ಯಾಟ್ರಿ ಹತ್ರ 13.0 ಮುಟ್ಟಿದ್ರ ನಡುವ 1.4 ವೋಲ್ಟ್ ಎಲ್ಲೋ ಸೋರೈತಿ. ಎಲ್ಲಿ ಅಂತ ಮೀಟರ್ ತಾನ ಹೇಳ್ತೈತಿ, ಕರೆಂಟ್ ಹರೀತಿರಬೇಕು ಅಷ್ಟ. ಕಿಲ್ ಸ್ವಿಚ್ ದಾರ ಕಿತ್ತು ಮೂರ್ನಾಲ್ಕು ಸಲ ಸೆಲ್ಫ್ ಹೊಡೆದು ಬ್ಯಾಟ್ರಿ ಸೊಲ್ಪ ಇಳಿಸ್ರಿ, ದಾರ ಹಾಕಿ ಎಂಜಿನ್ ಚಾಲೂ ಮಾಡಿ, ಲೈಟೆಲ್ಲಾ ಹಚ್ಚಿ, 2000 ಹತ್ರ ಇಡ್ರಿ. ಒಬ್ರು ಥ್ರಾಟಲ್ ಹಿಡೀರಿ, ಒಬ್ರು ಮೀಟರ್.

ಕೆಂಪು ಮುಳ್ಳು ಆರ್‌ಆರಿನ ಔಟ್‌ಪುಟ್ ಕೆಂಪು ವೈರಿನ ಕನೆಕ್ಟರ್ ಹಿಂದಿಂದ, ಕಪ್ಪು ಮುಳ್ಳು ಬ್ಯಾಟ್ರಿ ಪ್ಲಸ್ ಪೋಸ್ಟಿಗೆ. ಪ್ಲಸ್ಸಿಂದ ಪ್ಲಸ್ಸಿಗೆ, ತಪ್ಪು ಓದಿಲ್ಲ ನೀವು. 0.3 ಒಳಗಿದ್ರ ದಾರಿ ಚಲೋ. 0.5 ದಾಟಿದ್ರ ಕಪ್ಪು ಮುಳ್ಳನ್ನ ಹಿಂದಕ್ಕ ತರ್ತಾ ಹೋಗ್ರಿ: ಬ್ಯಾಟ್ರಿ ಪೋಸ್ಟ್, ಅದರ ಥಿಂಬಲ್, ಸೊಲೆನಾಯ್ಡ್ ಬೋಲ್ಟ್, ಫ್ಯೂಸಿನ ಆ ಕಡೆ, ಈ ಕಡೆ. ಎಲ್ಲಿ ರೀಡಿಂಗ್ ಒಮ್ಮಿಗೇ ಬಿತ್ತೋ ಆ ಎರಡು ಜಾಗದ ನಡುವಿನ ಜಾಯಿಂಟೇ ಕಳ್ಳ.

ಆಮ್ಯಾಗ ಮೈನಸ್ ಕಡೆ, ಬ್ಯಾಟ್ರಿ ಮೈನಸ್ ಪೋಸ್ಟಿಂದ ಆರ್‌ಆರ್ ಬಾಡಿಗೆ. 0.2 ಒಳಗ ಇರಬೇಕು. ಪ್ಲಸ್ ಕಡೆ ನೋಡಿ ಮೈನಸ್ ಬಿಟ್ಟುಬಿಡೋದು ದೊಡ್ಡ ರೋಗ ನಮ್ಮಾಗ.

ಎರಡೂ ಕಡೆ ಚಲೋ ಇದ್ದು ಆರ್‌ಆರ್ ಹತ್ರಾನ ವೋಲ್ಟೇಜ್ ಹುಟ್ಟವಲ್ದು ಅಂದ್ರ ಮಾತ್ರ ಮುಂದಕ್ಕ.

## ಹಂತ 5: ಕಾಯಿಲ್

ಎಂಜಿನ್ ಬಂದ್. ಕಾಯಿಲ್ ವೈರ್ ಆರ್‌ಆರಿಂದ ಬಿಚ್ಚಿ. ಎರಡಿರಬಹುದು, ಮೂರಿರಬಹುದು. ಓಮ್ಸಿಗೆ ಇಟ್ಟು ಮೊದ್ಲ ಮೀಟರಿನ ಎರಡು ಮುಳ್ಳು ಒಂದಕ್ಕೊಂದು ಮುಟ್ಟಿಸ್ರಿ, ಅಗ್ಗದ ಮೀಟರಿನಾಗ ಅದ 0.3, 0.4 ತೋರಿಸ್ತೈತಿ, ಅಷ್ಟನ್ನ ರೀಡಿಂಗಿನಾಗ ಕಳೀಬೇಕು, ಯಾಕಂದ್ರ ಚಲೋ ಚಾರ್ಜಿಂಗ್ ಕಾಯಿಲ್ಲೂ ಸಾಮಾನ್ಯವಾಗಿ ಒಂದು ಓಮ್ ಆಜುಬಾಜೇ ಇರ್ತೈತಿ. ಮೂರು ವೈರಿದ್ರ ಮೂರೂ ಜೋಡಿ ಅಳೀರಿ, ಮೂರೂ ಸಮ ಬರಬೇಕು. ಆಮ್ಯಾಗ ಒಂದೊಂದು ವೈರಿಂದ ಎಂಜಿನ್ ಬ್ಲಾಕಿಗೆ, ಏನೂ ಬರಬಾರ್ದು. ಏನಾರ ಓಮ್ಸ್ ಬಂತಂದ್ರ ಕಾಯಿಲ್ ಬಾಡಿಗೆ ಮುಟ್ಟೈತಿ. ಕೆಲವು ಸಣ್ಣ ಹಳೇ ಎಂಜಿನ್ನಿನಾಗ ಕಾಯಿಲ್ಲಿನ ಒಂದು ತುದಿ ಬೇಕಂತಾನ ಅರ್ಥಿಗೆ ಹಾಕಿರ್ತಾರ, ಅದಕ್ಕ ಡಯಾಗ್ರಾಮ್ ನೋಡದ ತೀರ್ಪು ಕೊಡಬ್ಯಾಡ್ರಿ.

ಓಮ್ಸ್ ಪಾಸ್ ಆದ್ರೂ ಕಾದಾಗ ಕೈಕೊಡೋ ಕಾಯಿಲ್ ಇರ್ತಾವು. ವೈರ್ ಬಿಚ್ಚಿದ್ದಂಗೇ ಎಂಜಿನ್ ಚಾಲೂ ಮಾಡಿ (ಬ್ಯಾಟ್ರಿ ಹಚ್ಚೇ ಇರಲಿ) ಮೀಟರ್ ಎಸಿ 200 ವೋಲ್ಟಿಗೆ ಇಟ್ಟು ಜೋಡಿ ಜೋಡಿ ಅಳೀರಿ. ಎಷ್ಟು ಬರಬೇಕು ಅನ್ನೋದು ಮಾಡೆಲ್ ಮ್ಯಾಲೆ, ಆದ್ರ ಮೂರೂ ಜೋಡಿ ಸಮ ಇರಬೇಕು, ರೇಸ್ ಕೊಟ್ಟಂಗ ಏರಬೇಕು. ಬರಿಗೈಲೆ ಆ ತುದಿ ಮುಟ್ಟಬ್ಯಾಡ್ರಿ, ಷಾಕ್ ಹೊಡೆಯೋವಷ್ಟು ಏರ್ತೈತಿ, ಒಂದಕ್ಕೊಂದು ತಾಗೋಕೂ ಬಿಡಬ್ಯಾಡ್ರಿ.

ಫ್ಲೈವೀಲ್ ಕೆಳಗಿಂದ ಕಂದು ಜಿಡ್ಡು ಸೋರಿ ಗಟ್ಟಿಯಾಗಿದ್ರ ಮೀಟರ್ ಬ್ಯಾಡ, ಕಾಯಿಲ್ ಮ್ಯಾಲಿನ ಎಪಾಕ್ಸಿ ಕರಗೇತಿ. ಫ್ಲೈವೀಲ್ ಇಳಿಸಾಕ ಪುಲ್ಲರ್ ಬೇಕು, ಸುತ್ತಿಗಿಲೆ ಬಡಿದ್ರ ಒಳಗಿನ ಮ್ಯಾಗ್ನೆಟ್ ಬಿಚ್ತಾವು.

## ಹಂತ 6: ಆರ್‌ಆರ್ ಯುನಿಟ್

ಕಾಯಿಲ್ ಎಸಿ ಕೊಡ್ತೈತಿ, ವೈರಿಂಗ್ ಚಲೋ ಐತಿ, ಔಟ್‌ಪುಟ್ ಇಲ್ಲ ಅಂದ್ರ ಉಳಿದದ್ದು ಇದ. ಎಂಜಿನ್ ಬಂದ್ ಮಾಡಿ, ಯುನಿಟ್ಟಿನ ವೈರೆಲ್ಲಾ ಬಿಚ್ಚಿ ಡಯೋಡ್ ಮೋಡಿಗೆ ಹಾಕ್ರಿ. ಕೆಂಪು ಮುಳ್ಳು ಕಾಯಿಲ್ ವೈರಿಗೆ, ಕಪ್ಪು ಮುಳ್ಳು ಔಟ್‌ಪುಟ್ ಕೆಂಪಿಗೆ ಇಟ್ರ 0.4 ರಿಂದ 0.7 ಬರಬೇಕು, ತಿರುಗಿಸಿ ಇಟ್ರ ಓಪನ್, ಅಂದ್ರ ಏನೂ ಬರಬಾರ್ದು. ಎರಡೂ ಕಡೆ ಬೀಪ್ ಹೊಡೆದ್ರ ಸತ್ತೈತಿ, ಅನುಮಾನ ಇಲ್ಲ. ಎರಡೂ ಕಡೆ ಓಪನ್ ಬಂದ್ರ ಮಾತ್ರ ತಡೀರಿ, ಕೆಲವು ಯುನಿಟ್ಟಿನಾಗ ಡಯೋಡ್ ಜಾಗದಾಗ ಎಸ್‌ಸಿಆರ್ (ಸಿಗ್ನಲ್ ಸಿಕ್ರ ಮಾತ್ರ ಕರೆಂಟ್ ಬಿಡೋ ಡಯೋಡ್) ಇರ್ತಾವು, ಅವು ಮೀಟರಿಗೆ ಹಂಗ ಕಾಣ್ತಾವು, ಮ್ಯಾನ್ಯುಯಲ್ ನೋಡ್ರಿ.

ಸುಟ್ಟದ್ದು ಖಾತ್ರಿ ಆದ್ರ ಯಾಕ ಸುಟ್ತು ಅಂತ ಕೇಳ್ರಿ. ಬ್ಯಾಟ್ರಿ ಉಲ್ಟಾ ಹಚ್ಚಿದ್ರಾ? ಒಂದ ಸೆಕೆಂಡ್ ಸಾಕು. ಓಡ್ತಿರುವಾಗ ಟರ್ಮಿನಲ್ ಕಿತ್ತಿತ್ತಾ? ಇದಕ್ಕ ಉತ್ತರ ಇಲ್ದ ಹೊಸಾದು ಹಾಕಿದ್ರ ಅದೂ ಅದ ದಾರಿ ಹಿಡೀತೈತಿ. ಬೈಕಿನ ಆರ್‌ಆರ್ ತಂದು ಹಾಕೋ ಜುಗಾಡ್ ನಡೀತಾವು, ನಾನು ಬ್ಯಾಡ ಅಂತೀನಿ. ಆಂಪ್ಸ್ ಲೆಕ್ಕ ಕೂಡಂಗಿಲ್ಲ, ಟ್ಯಾಕೋ ವೈರಿಗೆ ಜಾಗ ಇರಂಗಿಲ್ಲ, ಕವರ್ ಒಳಗಿನ ಸೆಕಿಗೆ ಅದು ತಡಕೊಳ್ಳೋದೂ ಕಷ್ಟ.

## ಹಂತ 7: ವೋಲ್ಟೇಜ್ ಜಾಸ್ತಿ ಆದ್ರ

ಬ್ಯಾಟ್ರಿ ಬಿಸಿ, ಹೊಟ್ಟಿ ಉಬ್ಬೋದು, ಕೊಳೆತ ತತ್ತಿ ವಾಸನೆ, ಲೈಟ್ ಪದೇ ಪದೇ ಸುಡೋದು. ಇವು ಕಂಡ್ರ ಹತ್ರ ಬೀಡಿ ಹಚ್ಚಬ್ಯಾಡ್ರಿ, ಆ ಗ್ಯಾಸಿಗೆ ಬೆಂಕಿ ಹತ್ತತೈತಿ.

ಮೊದ್ಲ ನಿಮ್ಮ ಎಂಜಿನ್ನಿಗೆ ರೆಗ್ಯುಲೇಟರ್ ಐತೋ ಇಲ್ಲೋ ನೋಡ್ಕೊಳ್ರಿ. ಸಣ್ಣ ಟು-ಸ್ಟ್ರೋಕ್ ಎಂಜಿನ್ನಿನಾಗ ಬರೇ ರೆಕ್ಟಿಫೈಯರ್ ಇರ್ತೈತಿ, ಕಟ್ ಮಾಡೋ ಸರ್ಕ್ಯೂಟ್ ಇಲ್ಲ, ಫುಲ್ ರೇಸಿನಾಗ ದೂರ ಓಡಿಸಿದ್ರ 15 ದಾಟೋದು ಅದರ ಸ್ವಭಾವ. ಅಂಥಾದಕ್ಕ ನೀರು ಹಾಕೋ ಬ್ಯಾಟ್ರಿನ ಬೇಕು, ಸೀಲ್ ಮಾಡಿದ ಮೆಂಟೆನೆನ್ಸ್ ಫ್ರೀ ಹಾಕಿದ್ರ ಒಣಗಿ ಸಾಯ್ತೈತಿ. ರೆಗ್ಯುಲೇಟರ್ ಇದ್ದೂ 15 ದಾಟಿದ್ರ ಆರ್‌ಆರ್ ಅರ್ಥ್ ನೋಡ್ರಿ, ಕೆಲವು ದೊಡ್ಡ ಎಂಜಿನ್ನಿನಾಗ ಬ್ಯಾಟ್ರಿ ವೋಲ್ಟೇಜ್ ಓದಾಕ ಒಂದು ಸಣ್ಣ ಸೆನ್ಸ್ ವೈರ್ ಇರ್ತೈತಿ, ಅದು ಕಿತ್ತೈತೇನು ನೋಡ್ರಿ, ಎರಡೂ ಚಲೋ ಇದ್ರ ಯುನಿಟ್ ಬದಲಿ.

## ಹಂತ 8: ಎಲ್ಲಾ ಚಲೋ ಐತಿ, ಆದ್ರೂ ಇಳೀತೈತಿ

ಲೆಕ್ಕ ಹಾಕ್ರಿ. ಸಣ್ಣ ಎಂಜಿನ್ನಿನ ಕಾಯಿಲ್ 80 ವ್ಯಾಟ್ ಅಂದ್ರ 12 ವೋಲ್ಟಿಗೆ ಆರೂವರೆ ಆಂಪ್ಸ್ ಚಿಲ್ಲರೆ, ಅದೂ ಪೂರಾ ರೇಸಿನಾಗ. ನೀವು ರಾತ್ರಿ 50 ವ್ಯಾಟಿನ ಎಲ್‌ಇಡಿ ಎರಡು ಹಚ್ಚಿದ್ರ ಅಲ್ಲಿಗೇ 8 ಆಂಪ್ಸ್ ದಾಟ್ತು, ಮ್ಯಾಲೆ ನೀರು ಎತ್ತೋ ಪಂಪು, ಮೊಬೈಲ್ ಚಾರ್ಜರು, ಹಾಡಿನ ಆಂಪ್ಲಿಫೈಯರು. ಮೀನಿನ ಬಲೆ ಬಿಡಾಕ ಐಡ್ಲಿನಾಗ ತಾಸುಗಟ್ಲೆ ಹೋಗ್ತೀರಿ. ಬರೋದು ಮೂರು, ಹೋಗೋದು ಹತ್ತು. ಇದಕ್ಕ ಯಾವ ಕಾಯಿಲ್ ಬದಲಿ ಮಾಡಿದ್ರೂ ಉಪಯೋಗ ಇಲ್ಲ. ಲೈಟಿಗೆ ಬೇರೆ ಬ್ಯಾಟ್ರಿ ಇಟ್ಟು ಮನ್ಯಾಗ ಚಾರ್ಜ್ ಮಾಡಿ ತರ್ರಿ, ಸೆಲ್ಫ್ ಬ್ಯಾಟ್ರಿ ಸೆಲ್ಫಿಗಷ್ಟ ಇರಲಿ.

## ಹಂತ 9: ನಿಂತಲ್ಲೇ ಇಳಿಯೋ ಬ್ಯಾಟ್ರಿ

ಓಡುವಾಗ 14.2, ಎರಡು ದಿನ ಬಿಟ್ಟು ಬಂದ್ರ 11.9. ಎಲ್ಲಾ ಆಫ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ, ಮೀಟರನ್ನ 10 ಆಂಪ್ಸ್ ತೂತಿಗೆ ಹಾಕಿ ಪೋಸ್ಟು ಮತ್ತ ಕೇಬಲ್ ನಡುವ ಸೇರಿಸ್ರಿ. ಈ ಸೆಟ್ಟಿಂಗಿನಾಗ ಪ್ಲಸ್-ಮೈನಸ್ ಎರಡಕ್ಕೂ ಮುಳ್ಳು ಹಚ್ಚಬ್ಯಾಡ್ರಿ, ಸೆಲ್ಫೂ ಹೊಡೀಬ್ಯಾಡ್ರಿ, ಮೀಟರ್ ಹೋಗ್ತೈತಿ. 0.05 ಆಂಪ್ಸ್ ದಾಟಿದ್ರ ಯಾವುದೋ ಕುಡೀತೈತಿ, ಫ್ಯೂಸ್ ಒಂದೊಂದ ಕೀಳ್ತಾ ಹೋಗ್ರಿ, ಯಾವುದಕ್ಕ ಬಿತ್ತೋ ಆ ಲೈನ್ ಹಿಡೀರಿ. ಫ್ಯೂಸೆಲ್ಲಾ ಕಿತ್ರೂ ಬೀಳದಿದ್ರ ನೇರ ಬ್ಯಾಟ್ರಿಗೇ ಹಚ್ಚಿದ ಪಂಪಿನ ಫ್ಲೋಟ್ ಸ್ವಿಚ್ (ನೀರು ಏರಿದಾಗ ಪಂಪ್ ತಾನ ಚಾಲೂ ಮಾಡೋದು) ನೋಡ್ರಿ. ಆರ್‌ಆರ್ ಲೈನಿನ ಫ್ಯೂಸ್ ಕಿತ್ತಾಗ ಬಿದ್ರ ಆರ್‌ಆರಿನ ಡಯೋಡ್ ಲೀಕ್ ಇರಬಹುದು. ಆರ್‌ಆರಿನ ಕೆಂಪು ವೈರ್ ಬಿಚ್ಚಿದಾಗ ರೀಡಿಂಗ್ ಬಿದ್ರ ಅದ.

ಬ್ಯಾಸಗ್ಯಾಗ ಡ್ಯಾಮ್ ನೀರು ಹಿಂದಕ್ಕ ಸರಿದು ಬೋಟ್ ತಿಂಗಳುಗಟ್ಲೆ ದಂಡಿ ಮ್ಯಾಲೆ ಕುಂತಾಗ ಬ್ಯಾಟ್ರಿ ಅದರಾಗೇ ಬಿಡಬ್ಯಾಡ್ರಿ. ಬಿಚ್ಚಿ ಮನಿಗೆ ತಂದು, ನೆರಳಾಗ ಇಟ್ಟು, ತಿಂಗಳಿಗೊಮ್ಮೆ ಪೂರಾ ಚಾರ್ಜ್ ಕೊಡ್ರಿ, 12.4 ಕೆಳಗ ಇಳಿಯೋಕ ಬಿಡಬ್ಯಾಡ್ರಿ. ಮುಂಗಾರಿಗೆ ವಾಪಸ್ ಹಚ್ಚುವಾಗ ಹಗಲಿನಾಗ ಹಚ್ಚ್ರಿ, ಪ್ಲಸ್ ಕೇಬಲ್ಲಿಗೆ ಕೆಂಪು ಟೇಪ್ ಸುತ್ರಿ.